ಈಜಿಪ್ಟಿನ ಡಬ್ಬ

ಕಳೆದ ತಿಂಗಳು ನಂಜನಗೂಡಿನ ನಮ್ಮ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದ ಮೇಲಿನ ಸಾಮಾನೆಲ್ಲ ಕೆಳಗಿಳಿಯಿತು. ಬೇಡದ್ದನ್ನು ಕೂಡಿಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಮ್ಮ ಮನೆಯವರು ಆಡಿಕೊಳ್ಳುತ್ತಿರುತ್ತಾರೆ. ಅವತ್ತು ಅವರಿಗೆ ಬೇಕಾದಷ್ಟು ಸಾಕ್ಷಿ ಸಿಕ್ಕಿತು. ಕಿವಿ ಮುರಿದ ಬಾಣಲೆ, ತಳ ಹೋದ ಬಿಂದಿಗೆ, ಮಗಳ ತೊಟ್ಟಿಲಿನ ಹಗ್ಗ… ಎಲ್ಲದರ ಹಿಂದಿನಿಂದ ಒಂದು ತಗಡಿನ ಡಬ್ಬ ಬಂತು. ಒಂದು ಕಾಲಕ್ಕೆ ಎಣ್ಣೆ ಡಬ್ಬವಾಗಿದ್ದು, ಆಮೇಲೆ ಬಾಯಿ ಕೊಯ್ಯಿಸಿ ಮುಚ್ಚಳ ಹಾಕಿಸಿದ್ದು. ಬಣ್ಣ ಹೊಡೆಯುವವನು ಅದನ್ನು ತಿರುಗಿಸಿ ನೋಡಿದ.

"ಇದೇನಮ್ಮ, ಈಜಿಪ್ಟ್ ಅಂತ ಬರ್ದದೆ? ಅಲ್ಲಿಂದ ತರ್ಸಿದ್ರಾ?"

"ಇಲ್ಲಪ್ಪ, ನರಸೀಪುರದ್ದು," ಎಂದೆ.

ಮುಚ್ಚಳ ತೆಗೆದು ಡಬ್ಬದೊಳಗೆ ಮುಖವಿಟ್ಟೆ. ಮೂಲೆಯ ಸಂದಿಗಳಲ್ಲಿ ಹಳೆಯ ರಾಗಿ ಹಿಟ್ಟಿನ ವಾಸನೆ ಇನ್ನೂ ಇತ್ತು. ಕಲ್ಲಿನಿಂದ ಬಿಸಿಬಿಸಿಯಾಗಿ ಬೀಳುವ ಹಿಟ್ಟಿಗೆ ಒಂದು ವಾಸನೆಯಿದೆ, ಮುದ್ದೆ ತಿಂದು ಬೆಳೆದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಇದು ಅದರ ಮುದಿ ವಾಸನೆ. ಡಬ್ಬದಿಂದ ಮುಖ ತೆಗೆಯದ ನನ್ನನ್ನು ನೋಡಿ ಆ ಹುಡುಗ ಏನೆಂದುಕೊಂಡನೋ, ಏಣಿ ಹತ್ತಿ ತನ್ನ ಕೆಲಸಕ್ಕೆ ಹೋದ. ನನಗೆ ಮಿಲ್ಲಕ್ಕ ನೆನಪಾದಳು.

ಅವಳ ಹೆಸರು ಬೇರೆ ಇತ್ತು. ಟಿ. ನರಸೀಪುರದಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದಳಾದ್ದರಿಂದ ಊರಿಗೆಲ್ಲ ಮಿಲ್ಲಕ್ಕ. ನಾನು ನೋಡುವ ಹೊತ್ತಿಗೆ ಐವತ್ತರ ಹತ್ತಿರವಿದ್ದ ಹೆಂಗಸು, ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಬೆಳಿಗ್ಗೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದು ಮಿಲ್ಲಿನ ಬಾಗಿಲು ತೆಗೆಯುತ್ತಿದ್ದಳು. ಸಂಜೆಯ ಹೊತ್ತಿಗೆ ಯಾವುದು ವಿಭೂತಿ, ಯಾವುದು ಹಿಟ್ಟು ಎಂದು ಹೇಳುವುದು ಕಷ್ಟವಾಗುತ್ತಿತ್ತು.

ನನ್ನ ತವರು ಹದಿನಾರು. ತೊಂಬತ್ತರ ದಶಕದ ನಡುವೆ ಮದುವೆಯಾಗಿ ನರಸೀಪುರಕ್ಕೆ ಬಂದಾಗ ನಾಲ್ಕು ಜನರ ಮುಂದೆ ಬಾಯಿ ತೆಗೆಯುವುದೆಂದರೆ ನನಗೆ ಎದೆ ನಡುಕ. ಬಂದ ಮೊದಲ ವಾರವೇ ಅತ್ತೆ ರಾಗಿ ಡಬ್ಬವನ್ನು ನನ್ನ ಸೊಂಟಕ್ಕೇರಿಸಿ, "ಓಗಿ ಬೀಸಿಸ್ಕಂಡು ಬಾ ಕೂಸು" ಎಂದು ಕಳಿಸಿದರು. ಜೊತೆಗೆ ಒಂದು ಮಾತು ಸೇರಿಸಿದರು: "ಯಾವ ಬೀದಿ ಅಂತ ಕೇಳುದ್ರೆ ಯೋಳು. ಕೇಳ್ದೆ ಇದ್ರೆ ಯೋಳ್ಬೇಡ."

ಹಿಟ್ಟಿನ ಮಿಲ್ಲಿನ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಒಬ್ಬರ ರಾಗಿ ಬೀಸಿ ಮುಗಿದ ಮೇಲೂ ಕಲ್ಲಿನ ಸಂದಿಯಲ್ಲಿ ಒಂದು ಹಿಡಿ ಹಿಟ್ಟು ಉಳಿದಿರುತ್ತದೆ. ಅದು ಬೀಳುವುದು ಮುಂದಿನವರ ಡಬ್ಬಕ್ಕೆ. ಹಾಗಾಗಿ ತನ್ನ ಮುಂದೆ ಯಾರ ಡಬ್ಬ ನಿಂತಿದೆ ಎಂಬುದು ಕೆಲವರಿಗೆ ದೊಡ್ಡ ವಿಷಯ. ಊರಾಚೆಯ ಕೇರಿಯಲ್ಲಿರುವ, ಗೋಡೆಯ ಮೇಲೆ ಬುದ್ಧನ ಪಟವಿರುವ ನಮ್ಮಂಥ ಮನೆಗಳ ಡಬ್ಬ ಎಷ್ಟು ಬೇಗ ಬಂದರೂ ಸಾಲಿನ ಕೊನೆಗೆ ಸರಿದುಬಿಡುತ್ತಿತ್ತು. ಸರಿಸು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಡಬ್ಬಕ್ಕೇ ಕಾಲು ಬಂದ ಹಾಗೆ ಅದು ಹಿಂದೆ ಹಿಂದೆ ಹೋಗುತ್ತಿತ್ತು. ಚಿಕ್ಕಂದಿನಿಂದ ಅದನ್ನು ನೋಡಿಯೇ ಬೆಳೆದವಳು ನಾನು.

ಮಿಲ್ಲಿನೊಳಗೆ ಡಬ್ಬಗಳು ಸಾಲಾಗಿದ್ದವು. ಡಬ್ಬ ಅದಲು ಬದಲಾಗಬಾರದೆಂದು ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಬರೆದಿತ್ತು. ಬೇರೆ ಮಿಲ್ಲುಗಳಲ್ಲಾದರೆ ಮನೆಯ ಹೆಸರು ಇಲ್ಲವೇ ಬೀದಿಯ ಹೆಸರು ಇರುತ್ತದೆ. ಇಲ್ಲಿ ನೋಡಿದರೆ ಜಪಾನ್, ಪೆರು, ಇಂಗ್ಲೆಂಡ್, ಫಿಜಿ… ನಾನು ಕಣ್ಣು ಕಣ್ಣು ಬಿಡುತ್ತಿರುವಾಗ ಮಿಲ್ಲಕ್ಕ ಸೀಮೆಸುಣ್ಣ ಹಿಡಿದು ಬಂದಳು. ಅತ್ತೆ ಹೇಳಿದ್ದ ಪ್ರಶ್ನೆ ಈಗ ಬರುತ್ತದೆ ಎಂದು ಕಾದೆ.

"ಯಾವ ದೇಶ ಬೇಕವ್ವ?" ಎಂದಳು.

"ಇಂಡಿಯಾ," ಎಂದೆ, ಬೇರೇನೂ ತೋಚದೆ.

"ಅದು ಎಲ್ಲರ್ದೂ ಆಯ್ತಲ್ಲ. ಸಮುದ್ರದ ಆಚೇದು ಹೇಳು."

ಸ್ಕೂಲಿನ ಪುಸ್ತಕದಲ್ಲಿ ಒಂಟೆಯ ಪಕ್ಕ ಪಿರಮಿಡ್ಡು ನಿಂತಿದ್ದ ಚಿತ್ರ ನೆನಪಿಗೆ ಬಂದು "ಈಜಿಪ್ಟ್" ಎಂದೆ. ಅವಳು ದಪ್ಪಕ್ಷರದಲ್ಲಿ ಬರೆದಳು. ನಮ್ಮ ಡಬ್ಬ ಫಿಜಿಯ ಹಿಂದೆ, ಆಮೇಲೆ ಬಂದವರ ಡಬ್ಬಗಳ ಮುಂದೆ ನಿಂತಿತು. ಅಲ್ಲಿಂದ ಅದು ಎಲ್ಲಿಗೂ ಸರಿಯಲಿಲ್ಲ.

ಈ ಪದ್ಧತಿ ಹುಟ್ಟಿದ್ದು ಯಾವುದೋ ದೊಡ್ಡ ಉದ್ದೇಶದಿಂದಲ್ಲ, ಜಗಳದಿಂದ. ತ್ರೀ ಫೇಸ್ ಕರೆಂಟು ಇದ್ದರೆ ಮಾತ್ರ ಮಿಲ್ಲು ಓಡುವುದು. ಆ ಕಾಲದಲ್ಲಿ ಅದು ಬಂದರೆ ಬಂತು, ಹೋದರೆ ಹೋಯಿತು. ಡಬ್ಬ ಬಿಟ್ಟು ಮನೆಗೆ ಹೋದರೆ ಸರದಿ ತಪ್ಪುತ್ತದೆಂದು ಎಲ್ಲರೂ ಅಲ್ಲೇ ಕೂರುತ್ತಿದ್ದರು. ಕೂತ ಮೇಲೆ ಬಾಯಿ ಸುಮ್ಮನಿರುತ್ತದೆಯೇ? ಯಾರದೋ ಸೊಸೆಯ ವಿಷಯ ಬಂದು, ಆ ಸೊಸೆಯ ದೊಡ್ಡಮ್ಮ ಸಾಲಿನಲ್ಲೇ ಇದ್ದು, ಒಂದು ದಿನ ಡಬ್ಬಗಳು ಹಾರಾಡಿದವಂತೆ. ನೆಲದ ಮೇಲೆಲ್ಲ ರಾಗಿ. ಅವತ್ತೇ ಮಿಲ್ಲಕ್ಕ ಕಟ್ಟಳೆ ಮಾಡಿದಳು: ಕರೆಂಟು ಹೋದಾಗ ಈ ಮಿಲ್ಲಿನಲ್ಲಿ ಸಮುದ್ರದ ಈಚೆಯ ಸುದ್ದಿ ಆಡುವ ಹಾಗಿಲ್ಲ. ಆಡುವುದಿದ್ದರೆ ಆಚೆಯದನ್ನು ಆಡಿ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತ ಗಾದೆಯೇ ಇದೆಯಲ್ಲ, ದೂರದ ಸುದ್ದಿಯಲ್ಲಿ ಜಗಳಕ್ಕೆ ಮುಳ್ಳಿರುವುದಿಲ್ಲ ಎಂದು ಅವಳ ಲೆಕ್ಕ.

ಅದಕ್ಕೆ ಅವಳ ಗಂಡ ಬಿಟ್ಟುಹೋದ ಒಂದು ಅಭ್ಯಾಸ ನೆರವಾಯಿತು. ಆತ ಪೇಪರಿನ ಹೊರದೇಶದ ಪುಟವನ್ನು ಬಿಡದೆ ಓದುತ್ತಿದ್ದನಂತೆ. ಆತ ಹೋದ ಮೇಲೂ ಪೇಪರು ಬರುತ್ತಲೇ ಇತ್ತು, ಬೇಡ ಎನ್ನಲು ಇವಳಿಗೆ ಮನಸ್ಸು ಬರಲಿಲ್ಲ. ಬಂದದ್ದನ್ನು ಓದಬೇಕಲ್ಲ ಎಂದು ಓದಲು ಶುರು ಮಾಡಿದಳು. ಗೋಡೆಗೆ ಒಂದು ಭೂಪಟ ಅಂಟಿಸಿದ್ದಳು. ವಾರದಲ್ಲಿ ಅದರ ಮೇಲೆ ಹಿಟ್ಟು ಕೂತು ಸಮುದ್ರ, ನೆಲ ಎಲ್ಲ ಒಂದಾಗಿಬಿಡುತ್ತಿತ್ತು. ಯಾವುದಾದರೂ ದೇಶ ಬೇಕೆಂದರೆ ಸೆರಗಿನಿಂದ ಒರೆಸಿ ಹುಡುಕಬೇಕು. ಪೆರು ಆಫ್ರಿಕಾದಲ್ಲಿದೆ ಎಂದು ಅವಳು ತಿಂಗಳುಗಟ್ಟಲೆ ಸಾಧಿಸಿದ್ದೂ ಈ ಹಿಟ್ಟಿನ ದೆಸೆಯಿಂದಲೇ. ಕೊನೆಗೆ ಯಾರೋ ಕಾಲೇಜು ಹುಡುಗಿ ತಿದ್ದಿದಾಗ, "ಆಗ್ಲಿ ಬುಡು, ಜಾಗ ಸರುದ್ರೆ ಜನ ಸರೀತಾರಾ" ಎಂದು ನಕ್ಕಳು.

ಒಂದೇ ಒಂದು ನಿಯಮದಲ್ಲಿ ಮಾತ್ರ ಅವಳು ಬಲು ಬಿಗಿ. ನಿನ್ನ ಡಬ್ಬದ ಮೇಲೆ ಯಾವ ದೇಶವಿದೆಯೋ ಆ ದೇಶದ ಸುದ್ದಿಯನ್ನು "ಅವರು" ಎಂದು ಹೇಳುವ ಹಾಗಿಲ್ಲ, "ನಾವು" ಎಂದೇ ಹೇಳಬೇಕು. "ಜಪಾನಿನಲ್ಲಿ ಭೂಕಂಪ ಆಯಿತಂತೆ" ಎಂದರೆ ಮಿಲ್ಲಕ್ಕ ಒಪ್ಪುತ್ತಿರಲಿಲ್ಲ. ಜಪಾನಿನ ಡಬ್ಬದ ಟೈಲರ್ ಅಂಗಡಿಯ ಹೆಂಗಸು ಎದ್ದುನಿಂತು, "ನಮ್ಮನೇಲಿ ನೆಲ ಅಲ್ಲಾಡ್ಬುಡ್ತು ಕಣ್ರೀ, ಪಾತ್ರೆ ಪಡಗ ಎಲ್ಲ ಬಿದ್ದೋದೊ, ಮಕ್ಳನ್ನ ಎತ್ಕಂಡು ಬೀದಿಗೆ ಓಡ್ಬಂದೊ" ಎನ್ನಬೇಕು. ಆಗ ಪಕ್ಕದವಳು, "ಈಗ ಎಲ್ಲಿದ್ದೀರ? ಅಡಿಗೆ ಎಲ್ಲಿ ಮಾಡ್ತೀರ?" ಎಂದು ಕೇಳುತ್ತಿದ್ದಳು. ಪೇಪರಿನಲ್ಲಿ ಅಡಿಗೆ ಎಲ್ಲಿ ಮಾಡುತ್ತಾರೆಂದು ಬರೆದಿರುವುದಿಲ್ಲ. ಅದನ್ನು ಇವರೇ ಯೋಚಿಸಿ ಹೇಳಬೇಕು.

ಫಿಜಿ ರಿಟೈರಾದ ಒಬ್ಬ ಬಸ್ ಕಂಡಕ್ಟರದ್ದು. ವರ್ಷಗಟ್ಟಲೆ ಪೇಪರಿನಲ್ಲಿ ಫಿಜಿಯ ಸುದ್ದಿಯೇ ಬರದೆ ಪಾಪ ಅವರು ಸೊರಗಿಹೋಗಿದ್ದರು. "ನಂದೇನೂ ಇಲ್ಲಮ್ಮ, ಎಲ್ಲಾ ಚೆನ್ನಾಗಿದ್ದೀವಿ" ಎಂದು ಸಂಕೋಚದಿಂದ ಕೂತುಬಿಡುತ್ತಿದ್ದರು. ಒಂದು ದಿನ ಅಲ್ಲಿ ಯಾರೋ ಬಂದೂಕು ಹಿಡಿದು ಪಾರ್ಲಿಮೆಂಟಿಗೇ ನುಗ್ಗಿದರೆಂದು ಸುದ್ದಿ ಬಂತು. ಕಂಡಕ್ಟರು ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಬೀಸಿಸಲು ಏನೂ ಇಲ್ಲದಿದ್ದರೂ ಖಾಲಿ ಡಬ್ಬ ಹಿಡಿದು ಬಂದರು. "ನಮ್ ಪ್ರಧಾನ ಮಂತ್ರೀನೇ ಕೂಡಾಕ್ಬುಟ್ಟವ್ರೆ" ಎಂದು ಅವರು ದುಃಖದಿಂದ ಹೇಳಬೇಕಾದ್ದನ್ನು ಹಿಗ್ಗಿನಿಂದ ಹೇಳಿದ್ದಕ್ಕೆ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆಮೇಲೆ ಅವರು, ಆ ಗಲಾಟೆಯ ಬುಡದಲ್ಲಿ ಕಬ್ಬು ಕಡಿಯಲು ಹೋಗಿ ಅಲ್ಲೇ ನೆಲೆನಿಂತ ನಮ್ಮ ಕಡೆಯ ಜನರ ಮೊಮ್ಮಕ್ಕಳ ಕಥೆ ಇದೆ ಎಂದು ವಿವರಿಸಿದಾಗ ನಗು ನಿಂತಿತು. ನಮ್ಮ ಸುತ್ತಲೂ ಕಬ್ಬೇ ಇದ್ದದ್ದರಿಂದಲೋ ಏನೋ.

ಹೀಗೆ ಮಾತಾಡುತ್ತ ಮಾತಾಡುತ್ತ ನನಗೆ ಮಾತು ಬಂತು. ಮೊದಮೊದಲು ಈಜಿಪ್ಟಿನ ಪರವಾಗಿ ಎರಡು ಮಾತು ಹೇಳಿ ಕುಸಿದು ಕೂರುತ್ತಿದ್ದವಳು, ಒಂದೆರಡು ವರ್ಷದಲ್ಲಿ ಎದುರು ಪ್ರಶ್ನೆ ಹಾಕುವಷ್ಟಾದೆ. ನಾನಾಗಿ ಮಾತಾಡಬೇಕಿದ್ದರೆ ಬಾಯಿ ಬರುತ್ತಿರಲಿಲ್ಲ. ಈಜಿಪ್ಟಾಗಿ ಮಾತಾಡಲು ಧೈರ್ಯ ಬರುತ್ತಿತ್ತು. ಮಿಲ್ಲಕ್ಕನಿಗೆ ಇದು ಗೊತ್ತಿತ್ತೋ ಇಲ್ಲವೋ. ಅವಳು ಯಾರಿಗೂ ಏನನ್ನೂ ಕಲಿಸಲು ಕೂತವಳಲ್ಲ.

ಆಮೇಲೆ ಆ ವರ್ಷ ಬಂತು. ಮಳೆ ಕೈಕೊಟ್ಟು ಅಣೆಕಟ್ಟು ತುಂಬಿರಲಿಲ್ಲ. ತಮಿಳುನಾಡಿಗೆ ಕಾವೇರಿ ನೀರು ಬಿಡಬಾರದೆಂದು ಎಲ್ಲೆಲ್ಲೂ ಗಲಾಟೆ. ರಸ್ತೆಯಲ್ಲಿ ಟೈರು ಸುಟ್ಟು ಬಸ್ಸು ನಿಲ್ಲಿಸಿದ್ದರು. ಕಬಿನಿ, ಕಾವೇರಿ ಎರಡೂ ಸೇರುವ ಊರಿನಲ್ಲಿ ಕೂತವರಿಗೆ ಬೇರೆ ಮಾತು ಎಲ್ಲಿಂದ ಬರಬೇಕು? ಆದರೂ ಮಿಲ್ಲಿನೊಳಗೆ ಕಟ್ಟಳೆ ಕಟ್ಟಳೆಯೇ. ಸಮುದ್ರದ ಈಚೆಯದು ಬೇಡ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಅವತ್ತಿನ ಪೇಪರಿನ ಮೂಲೆಯಲ್ಲಿ ನೈಲ್ ನದಿಯ ಬಗ್ಗೆ ಒಂದು ಚಿಕ್ಕ ಸುದ್ದಿಯಿತ್ತು. ನಮ್ಮ ದೇಶದ ಸುದ್ದಿ ಎಂದು ನಾನು ಉತ್ಸಾಹದಿಂದ ಎದ್ದುನಿಂತೆ.

"ನಮ್ಮಲ್ಲಿ ಮಳೆ ಅನ್ನೋದೇ ಇಲ್ಲ," ಎಂದು ಶುರು ಮಾಡಿದೆ. "ಕುಡಿಯಕ್ಕೆ, ಬೆಳೆಯಕ್ಕೆ ಎಲ್ಲಾದ್ಕೂ ಮೇಲಿನ ದೇಶಗಳಿಂದ ನೀರು ಹರ್ಕಂಡು ಬರ್ಬೇಕು. ಬ್ರಿಟಿಷರ ಕಾಲ್ದಲ್ಲೇ ಒಪ್ಪಂದ ಆಗದೆ. ಈಗ ಮೇಲಿನೋರು, ಅದೆಲ್ಲ ಹಳೇದು, ನಮ್ಗೂ ಬೇಕು ಅಂತಾವ್ರೆ. ನಿಲ್ಲಿಸ್ಬುಟ್ರೆ ನಮ್ ಗದ್ದೆ ಗತಿ ಏನು? ಒಪ್ಪಂದದಂಗೆ ನಮ್ ನೀರು ನಮ್ಗೆ ಬುಡ್ಲಿ."

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅದು ನನಗೂ ಕೇಳಿಸಿತು. ಬ್ರಿಟಿಷರ ಕಾಲದ ಒಪ್ಪಂದ ಅನ್ಯಾಯದ್ದು, ಕೆಳಗಿನವರಿಗೆ ನೀರು ಬಿಡಬೇಡಿ ಎಂದೇ ಹೊರಗೆ ಊರಿಗೆ ಊರು ಕೂಗುತ್ತಿತ್ತು. ನಾನು ಒಳಗೆ ನಿಂತು ಸರಿಯಾಗಿ ಅದರ ತದ್ವಿರುದ್ಧ ಹೇಳಿದ್ದೆ.

ಇಂಗ್ಲೆಂಡಿನ ಯಜಮಾನರು ಎದ್ದರು. ಅವರು ತಲಕಾಡು ರಸ್ತೆಯಲ್ಲಿ ಗದ್ದೆಯಿದ್ದ ಹಿರಿಯ ರೈತರು. ದೊಡ್ಡ ದೇಶವೇ ಬೇಕೆಂದು ಹಟ ಹಿಡಿದು ಇಂಗ್ಲೆಂಡನ್ನು ಬರೆಸಿಕೊಂಡಿದ್ದರು. ಅಂದು ಬೆಳಿಗ್ಗೆಯಷ್ಟೇ ರಸ್ತೆ ತಡೆಯಲ್ಲಿ ಕೂತು ಬಂದಿದ್ದರು.

"ಇದು ಈಜಿಪ್ಟಿನ ಮಾತಲ್ಲ ಕನವ್ವ," ಎಂದರು. "ಇದು ಕೆಳಗಿನೋರ್ ಮಾತು. ನಮ್ ನೀರು ಕುಡ್ಕಂಡು ಅವ್ರ ಪರ ಮಾತಾಡೀಯಾ?"

ಹಿಂದಿನಿಂದ ಒಬ್ಬ ಹೆಂಗಸು, ಯಾರನ್ನೂ ಉದ್ದೇಶಿಸದ ಹಾಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಯಾವ ಬೀದಿಯೋಳು ಇವಳು?"

ಅಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆ ಅದು. ನನ್ನ ಕಣ್ಣು ತಾನಾಗಿ ನಮ್ಮ ಡಬ್ಬದ ಕಡೆ ಹೋಯಿತು. ಅದನ್ನು ಈಗ ಹಿಂದಕ್ಕೆ ಸರಿಸಬೇಕೋ, ಮನೆಗೇ ಒಯ್ಯಬೇಕೋ…

"ಈಜಿಪ್ಟಿನವಳು," ಎಂದಳು ಮಿಲ್ಲಕ್ಕ. ದನಿ ಏರಿಸಲಿಲ್ಲ. ಗೋಡೆಗೆ ಒರಗಿ ಕೂತಿದ್ದವಳು ಹಾಗೆಯೇ ಕೂತಿದ್ದಳು.

ಯಜಮಾನರು ಬೀಸದ ಡಬ್ಬವನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಹೊರಟುಹೋದರು. ಅವರ ಹಿಂದೆ ಒಬ್ಬೊಬ್ಬರೇ ಎದ್ದರು. ಮುಂದಿನ ವಾರಗಳಲ್ಲಿ ಮಿಲ್ಲಿನ ಸಾಲು ಸಣ್ಣದಾಗುತ್ತ ಬಂತು. ಆಚೆ ಬೀದಿಯಲ್ಲಿ ಇನ್ನೊಂದು ಮಿಲ್ಲಿತ್ತು, ಜನ ಅಲ್ಲಿಗೆ ಹೋದರು. ದೇಶದ ಹೆಸರು ಅಳಿಸಿ ಎಲ್ಲರ ಹಾಗೆ ಬೀದಿಯ ಹೆಸರು ಬರೆದುಬಿಡು, ಎಲ್ಲ ಸರಿಹೋಗುತ್ತದೆ ಎಂದು ಅವಳ ನೆಂಟರೇ ಬುದ್ಧಿ ಹೇಳಿದರಂತೆ. ನನಗೂ ಅದೇ ಸರಿ ಎನ್ನಿಸಿತ್ತು. ನನ್ನಿಂದ ಅವಳ ಹೊಟ್ಟೆಪಾಡಿಗೆ ಕಲ್ಲು ಬಿತ್ತಲ್ಲ ಎಂದು ಅತ್ತ ಕಡೆ ತಲೆ ಹಾಕುವುದನ್ನೇ ಬಿಟ್ಟೆ. ನಾನೂ ಆ ಇನ್ನೊಂದು ಮಿಲ್ಲಿಗೆ ಹೋದೆ. ಅಲ್ಲಿ "ಯಾವ ಬೀದಿ?" ಎಂದು ಕೇಳಿದರು. ಹೇಳಿದೆ. ಡಬ್ಬ ಸಾಲಿನ ಕೊನೆಗೆ ಹೋಯಿತು.

ಒಂದು ದಿನ ಬಿಸಿಲು ಸುಡುವ ಹೊತ್ತಿನಲ್ಲಿ ಮಿಲ್ಲಕ್ಕ ನಮ್ಮ ಬೀದಿಗೆ ಬಂದಳು. ಅತ್ತೆ ಏನು ಮಾಡಬೇಕೆಂದು ತೋಚದೆ ಮಣೆ ಹಾಕುವುದೋ ಚಾಪೆ ಹಾಸುವುದೋ ಎಂದು ಒಳಗೂ ಹೊರಗೂ ಓಡಾಡಿದರು. ಅವಳು ಹೊಸ್ತಿಲು ದಾಟಿ ನೆಲದ ಮೇಲೆ ಕೂತು, "ನೀರು ಕೊಡವ್ವ, ಬಾಯೊಣಗೋಯ್ತು" ಎಂದಳು. ಕುಡಿದು ಚೊಂಬು ಕೆಳಗಿಟ್ಟು, "ನಿನ್ ಡಬ್ಬ ಎಲ್ಲಿ?" ಎಂದು ನನ್ನನ್ನು ಕೇಳಿದಳು.

"ಬೇಡ ಅಕ್ಕ," ಎಂದೆ. "ಬೇಕಾದ್ರೆ ಬೇರೆ ದೇಶ ಕೊಡಿ. ಯಾವ್ದಾದ್ರೂ ನೀರಿನ್ ಜಗಳ ಇಲ್ದಿರೋದು."

"ನೀರಿನ್ ಜಗಳ ಇಲ್ದಿರೋ ದೇಶನ ಎಲ್ಲಿಂದ ತರ್ಲಿ ನಾನು?" ಎಂದಳು. "ಸೀಮೆಸುಣ್ಣ ಆದ್ರೆ ಯಾರ್ ಬೇಕಾದ್ರೂ ಅಳಿಸ್ತಾರೆ. ಡಬ್ಬ ತಗಂಡು ಬಾ."

ಸೆರಗಿನ ಗಂಟಿನಿಂದ ಒಂದು ಪುಟ್ಟ ಡಬ್ಬಿ ಪೇಂಟು ತೆಗೆದಳು. ಮಿಲ್ಲಿನ ಬಾಗಿಲಿಗೆ ಹೊಡೆದು ಉಳಿದಿದ್ದ ಕೆಂಪು ಬಣ್ಣ. ಬ್ರಷ್ಷು ತರುವುದು ಮರೆತಿದ್ದಳು. ನಮ್ಮತ್ತೆ ತೆಂಗಿನ ನಾರು ಜಜ್ಜಿ ಕೊಟ್ಟರು. ಅದರಲ್ಲೇ ಅದ್ದಿ ಅದ್ದಿ, ನಾಲಿಗೆ ಕಚ್ಚಿಕೊಂಡು, ಒಂದಕ್ಷರ ದೊಡ್ಡದು ಒಂದಕ್ಷರ ಚಿಕ್ಕದು ಮಾಡಿ ಬರೆದಳು. ಒಣಗುವವರೆಗೂ ಕೂತಿದ್ದಳು. ಹೊರಡುವಾಗ, "ಸಂತೆ ದಿನ ಬಾ. ಇಂಗ್ಲೆಂಡೂ ಬರ್ತದೆ" ಎಂದಳು.

ಯಜಮಾನರನ್ನು ಕರೆಸಲು ಅವಳು ಹೂಡಿದ ಉಪಾಯ ಆಮೇಲೆ ತಿಳಿಯಿತು. ಒಪ್ಪಂದ ಮಾಡಿದ್ದೇ ಇಂಗ್ಲೆಂಡು ಎಂದು ಈಜಿಪ್ಟು ಹೇಳಿತು, ಇಂಗ್ಲೆಂಡು ಉತ್ತರ ಕೊಡಲಾರದೆ ಸೈಕಲ್ ಹತ್ತಿ ಓಡಿತು ಎಂದು ಜನ ಆಡಿಕೊಳ್ಳುತ್ತಿದ್ದಾರೆ ಅಂತ ಕಂಡಕ್ಟರ ಕೈಲಿ ಹೇಳಿ ಕಳಿಸಿದ್ದಳು. ಮೂಗಿನ ತುದಿಯಲ್ಲೇ ಸಿಟ್ಟಿರುವ ಮನುಷ್ಯ ಸುಮ್ಮನಿರುತ್ತಾರೆಯೇ? ಸಂತೆ ದಿನ ಬಂದರು, ಡಬ್ಬದ ಸಮೇತ. ಬೇರೆ ಮಿಲ್ಲಿಗೆ ಹೋಗುತ್ತಿದ್ದ ಹೆಂಗಸರೂ ಏನಾಗುತ್ತದೋ ನೋಡೋಣವೆಂದು ಬರಿಗೈಯಲ್ಲಿ ಬಂದು ಬಾಗಿಲ ಬಳಿ ನಿಂತಿದ್ದರು. ಕರೆಂಟು ಹೇಳಿಕೊಟ್ಟ ಹಾಗೆ ಹೋಯಿತು.

ಮಿಲ್ಲಕ್ಕ ಅವತ್ತು ಹೊಸ ಕಟ್ಟಳೆ ಹಾಕಿದಳು. ಯಾರಿಗೆ ಯಾವ ದೇಶದ ಮೇಲೆ ಸಿಟ್ಟು ಬಂದಿದೆಯೋ ಅವರು ಆ ದೇಶದ ಡಬ್ಬದ ಮೇಲೆ ಕೈಯಿಟ್ಟು ಒಂದು ಸಲ ಮಾತಾಡಬೇಕು. "ಯಜಮಾನ್ರೇ, ಈಜಿಪ್ಟಿನ ಮಾತು ಇವತ್ತು ನಿಮ್ದು. ಆಮೇಲೆ ಇವಳು ಮೇಲಿನೋರ ಮಾತಾಡ್ತಾಳೆ."

ಅವರು ಒಮ್ಮೆ ಹೊರಗಿದ್ದ ಸೈಕಲ್ಲಿನ ಕಡೆ ನೋಡಿದರು. ಆಗುವುದಿಲ್ಲ ಎಂದು ಹೊರಟುಬಿಡುತ್ತಾರೆ ಎಂದುಕೊಂಡೆ. ಕೊನೆಗೆ ಮುಂದೆ ಬಂದು, ಮಣ್ಣು ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು, ನಮ್ಮ ಮನೆಯ ಡಬ್ಬದ ಮುಚ್ಚಳದ ಮೇಲೆ ಇಟ್ಟರು.

"ಈಜಿಪ್ಟು ನಂಗೇನ್ ಗೊತ್ತು," ಎಂದರು. "ಗದ್ದೆ ಗೊತ್ತು." ಮುಚ್ಚಳದ ಮೇಲೆ ಬೆರಳಲ್ಲಿ ಒಂದು ಗೆರೆ ಎಳೆದರು. ಮತ್ತೆ ಶುರು ಮಾಡಿದರು. "ನಮ್ ಗದ್ದೆ ಕಾಲುವೆ ಕೊನೇಲದೆ. ಮ್ಯಾಲಿನೋರು ತೂಬು ಕಟ್ಬುಡ್ತಾರೆ. ಕೇಳಕ್ಕೋದ್ರೆ, ನಮ್ ಪೈರು ನೆನೀಲಿ ತಡಿ, ಆಮೇಲ್ ಬುಡ್ತೀವಿ ಅಂತಾರೆ. ಅವ್ರದ್ದು ನೆನೆಯಾ ಒತ್ಗೆ ನಮ್ದು ಸುಟ್ಟೋಗಿರ್ತದೆ. ಈಗ ಬತ್ತದೆ, ಆಗ ಬತ್ತದೆ ಅಂತ ಬದೀನ್ ಮ್ಯಾಲೆ ಕೂತ್ಕಂಡು ಒಣಗಿದ್ ಕಾಲುವೆ ನೋಡೋದು… ಅದು ಕೂತೋನ್ಗೇ ಗೊತ್ತು."

ಅವರು ಎಲ್ಲಿಯ ಗದ್ದೆಯ ಮಾತಾಡುತ್ತಿದ್ದಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೇಲ್ಗಾಲುವೆಯ ಮನೆಯ ಇಬ್ಬರು ಹೆಂಗಸರು ಬಾಗಿಲ ಬಳಿಯೇ ನಿಂತಿದ್ದರು, ಒಬ್ಬಳು ತಲೆ ತಗ್ಗಿಸಿದಳು.

ಆಮೇಲೆ ನನ್ನ ಸರದಿ. ನಮ್ಮ ಬೆಟ್ಟದ ಮೇಲೆ ಬಿದ್ದ ಮಳೆ, ನಮ್ಮನ್ನು ಕೇಳದೆ ಯಾರೋ ದೊರೆಗಳು ಮಾಡಿಕೊಂಡ ಒಪ್ಪಂದ, ನಮ್ಮ ಮಕ್ಕಳು ಒಣಗಿದ ಗಂಟಲಲ್ಲಿ ಹರಿಯುವ ನೀರು ನೋಡಿಕೊಂಡು ಕೂರಬೇಕೇ ಎಂದು ಕೇಳಿದೆ. ಅದನ್ನು ನಾಟಕಕ್ಕೆ ಹೇಳಲಿಲ್ಲ. ಅದೂ ನನಗೆ ನಿಜವೇ ಆಗಿತ್ತು, ಇವತ್ತಿಗೂ ನಿಜವೇ. ಎರಡೂ ನಿಜವಾಗಿದ್ದರೆ ಏನು ಮಾಡಬೇಕು ಎಂಬುದು ನನಗೆ ಅವತ್ತೂ ಗೊತ್ತಾಗಲಿಲ್ಲ.

"ಒಪ್ಪಂದ ಸರಿಯಿಲ್ಲ," ಎಂದರು ಯಜಮಾನರು, ಕೈಯನ್ನು ಡಬ್ಬದ ಮೇಲಿಂದ ತೆಗೆಯದೆ. "ಅದ್ರಲ್ಲಿ ನಾನ್ ಬದ್ಲಾಗಾಕಿಲ್ಲ. ನಾಳೆ ಮತ್ತೆ ರಸ್ತೇಲ್ ಕೂತ್ಕತೀನಿ. ಆದ್ರೆ ಕೆಳಗಡೆ ಕೂತಿರೋನು ಸುಳ್ಳೇಳ್ತಾನೆ ಅಂತ ಮಾತ್ರ ನನ್ ಬಾಯಲ್ಲಿ ಬರಾಕಿಲ್ಲ."

ಕರೆಂಟು ಬಂತು. ಯಾರೋ ಯಜಮಾನರ ಡಬ್ಬವನ್ನೇ ಮೊದಲು ಎತ್ತಿ ಮಿಲ್ಲಕ್ಕನ ಕೈಗೆ ಕೊಡಲು ಹೋದರು. ಹಿರಿಯರು, ಮೇಲಾಗಿ ದೂರದಿಂದ ಬಂದವರು. ಯಜಮಾನರು ಅಡ್ಡ ಬಂದರು.

"ಅವಳು ನನ್ಗಿಂತ ಮುಂಚೆ ಬಂದವ್ಳೆ," ಎಂದರು. "ಈಜಿಪ್ಟಿಂದು ಮೊದ್ಲು ಆಕವ್ವ."

ಮಿಲ್ಲಕ್ಕ ನಮ್ಮ ರಾಗಿ ಸುರಿದಳು. ಬಿಸಿ ಹಿಟ್ಟಿನ ವಾಸನೆ ಮಿಲ್ಲೆಲ್ಲ ತುಂಬಿತು. ನಮ್ಮದು ಮುಗಿದ ಮೇಲೆ ಇಂಗ್ಲೆಂಡಿನ ಡಬ್ಬ ಇಟ್ಟಳು. ಕಲ್ಲಿನಲ್ಲಿ ಉಳಿದಿದ್ದ ನಮ್ಮ ಮನೆಯ ಹಿಡಿ ಹಿಟ್ಟು ಮೊದಲು ಅದಕ್ಕೆ ಬಿತ್ತು. ಯಜಮಾನರು ನೋಡುತ್ತಲೇ ನಿಂತಿದ್ದರು. ನನಗೆ ಅಳು ಬಂತು. ಹಿಟ್ಟಿನ ಧೂಳು ಎಂದುಕೊಂಡು ಸೆರಗಿನಲ್ಲಿ ಕಣ್ಣೊರೆಸಿದೆ.

ಅಲ್ಲಿಗೆ ಎಲ್ಲ ಸುಖವಾಯಿತು ಎಂದರೆ ಸುಳ್ಳಾಗುತ್ತದೆ. ನನ್ನ ಬೀದಿ ಕೇಳಿದ ಹೆಂಗಸು ಮತ್ತೆ ಆ ಮಿಲ್ಲಿಗೆ ಬರಲಿಲ್ಲ. ಅವಳ ಹಾಗೆ ಇನ್ನೂ ಕೆಲವರು ಹೋದವರು ಹೋದರು. ಉಳಿದ ಸಾಲು ನಿಧಾನವಾಗಿ ಕೂಡಿಕೊಂಡಿತು, ಡಬ್ಬಗಳ ಮೇಲೆ ದೇಶಗಳು ಉಳಿದವು. ಆ ವರ್ಷ ಮಿಲ್ಲಕ್ಕನಿಗೆ ಎಷ್ಟು ನಷ್ಟವಾಯಿತೆಂದು ಅವಳು ಯಾರಿಗೂ ಹೇಳಲಿಲ್ಲ.

ಕೆಲವು ಕಾಲದ ಮೇಲೆ ನಮ್ಮ ಮನೆಯವರಿಗೆ ನಂಜನಗೂಡು ಬಸ್ ಡಿಪೋಗೆ ವರ್ಗವಾಯಿತು. ನನಗೆ ಬಿಳಿಗೆರೆ ಕಡೆ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಎದುರಿಗೆ ಕೂತ ಅಧಿಕಾರಿಗಳು ಏನೇನೋ ಕೇಳಿದರು. ನಾನು ಹೆದರದೆ ಉತ್ತರ ಕೊಟ್ಟೆ. ಎಲ್ಲಿ ಕಲಿತಿರಿ ಇಷ್ಟು ಚೆನ್ನಾಗಿ ಮಾತಾಡಲು ಎಂದು ಅವರಲ್ಲೊಬ್ಬರು ಕೇಳಿದಾಗ ಹಿಟ್ಟಿನ ಮಿಲ್ಲಿನಲ್ಲಿ ಎಂದರೆ ತಮಾಷೆ ಎಂದುಕೊಂಡಾರೆಂದು ಸುಮ್ಮನೆ ನಕ್ಕೆ. ಆ ಮಾತನ್ನು ಮಿಲ್ಲಕ್ಕನಿಗೆ ಹೇಳಿದಾಗ ಅವಳಿಗೆ ಬಹಳ ಖುಷಿಯಾಯಿತು. "ಹೇಳ್ಬೇಕಾಗಿತ್ತು ಕಣೇ, ನಂಗೂ ನಾಲ್ಕು ಗಿರಾಕಿ ಜಾಸ್ತಿ ಆಗೋರು" ಎಂದಳು.

ಆಮೇಲೆ ಭೇಟಿ ಕಡಿಮೆಯಾಯಿತು. ಇದ್ದೂರು ಬಿಟ್ಟ ಮೇಲೆ ಆಗುವ ಹಾಗೆಯೇ. ಹಾಗಿರುವಾಗ ಒಂದು ಚಳಿಗಾಲ, ಟಿವಿಯಲ್ಲಿ ರಾತ್ರಿ ಹಗಲೂ ಈಜಿಪ್ಟೇ ಈಜಿಪ್ಟು. ಊರ ನಡುವಿನ ಚೌಕದಲ್ಲಿ ಲಕ್ಷಾಂತರ ಜನ ಕೂತು ಬಿಟ್ಟಿದ್ದರು, ಸರ್ಕಾರ ಇಳಿಯಬೇಕೆಂದು. ಮುದ್ದೆ ತೊಳಸುತ್ತಿದ್ದಾಗ ನನ್ನ ಮೊಬೈಲು ಹೊಡೆದುಕೊಂಡಿತು. ಎತ್ತಿದರೆ, ಹಲೋ ಇಲ್ಲ, ಯಾರೆಂದು ಹೇಳುವುದಿಲ್ಲ.

"ಏನವ್ವ, ಎಲ್ಲಾ ಚೆನ್ನಾಗಿದ್ದೀರಾ? ಜನ ಬೀದೀಲೇ ಮಲಗವ್ರಲ್ಲ, ಚಳಿ ಅಂತಾರೆ. ಮಕ್ಳು ಮರಿಗೆ ಹೊದಿಯಕ್ಕದಾ? ಅಡಿಗೆ ಎಲ್ಲಿ ಮಾಡ್ತೀರ?"

ದನಿ ತೆಳುವಾಗಿತ್ತು. ಹುಷಾರಿಲ್ಲ ಎಂದು ಆಮೇಲೆ ಗೊತ್ತಾಯಿತು, ಅವತ್ತು ಅವಳು ಅದನ್ನು ಹೇಳಲಿಲ್ಲ. "ಚೆನ್ನಾಗಿದ್ದೀವಿ ಅಕ್ಕ," ಎಂದೆ. "ಒಬ್ಬರ ಮನೆಯಿಂದ ಒಬ್ಬರು ರೊಟ್ಟಿ ತಂದು ಹಂಚ್ಕೋತಿದ್ದೀವಿ." ಪೇಪರಿನಲ್ಲಿ ಅದಿತ್ತೋ ಇಲ್ಲವೋ, ನಾನೇ ಯೋಚಿಸಿ ಹೇಳಿದೆ. "ಸರಿ ಮತ್ತೆ, ಹುಷಾರು" ಎಂದು ಫೋನಿಟ್ಟಳು. ಅವಳ ಜೊತೆ ಆಡಿದ ಕೊನೆಯ ಮಾತು ಅದೇ.

ಅವಳು ತೀರಿಕೊಂಡ ಮೇಲೆ ಶಿವಗಣಾರಾಧನೆಗೆ ಹೋಗಿದ್ದೆ. ಕಂಡಕ್ಟರು ಕೋಲೂರಿಕೊಂಡು ಬಂದಿದ್ದರು, "ಈಜಿಪ್ಟಮ್ಮ ಬಂದ್ರಾ" ಎಂದು ಕೈ ಹಿಡಿದುಕೊಂಡರು. ಇಂಗ್ಲೆಂಡಿನ ಯಜಮಾನರು ಅವಳಿಗಿಂತ ಮೊದಲೇ ಹೋಗಿದ್ದರು. ಮಿಲ್ಲು ಮುಚ್ಚಿತ್ತು, ಕಲ್ಲುಗಳನ್ನು ಯಾರೋ ಕೊಂಡಿದ್ದರು. ಭೂಪಟ ಕಿತ್ತ ಗೋಡೆಯ ಮೇಲೆ ಅದರ ಅಗಲದಷ್ಟು ಜಾಗದಲ್ಲಿ ಮಾತ್ರ ಹಿಟ್ಟು ಕೂತಿರಲಿಲ್ಲ. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿಯಿದೆ ಎಂದು ಕೇಳಿದ್ದೇನೆ. ನೋಡಲು ಹೋಗಿಲ್ಲ.

ಬಣ್ಣ ಹೊಡೆಯುವ ಹುಡುಗ ಕೆಲಸ ಮುಗಿದ ದಿನ ಉಳಿದ ಪೇಂಟು ತೋರಿಸಿ, "ಆ ಡಬ್ಬಕ್ಕೂ ಒಡ್ದುಬುಡ್ಲಾಮ್ಮ, ಹೊಸದಾಯ್ತದೆ" ಎಂದ. ಬೇಡ ಎಂದೆ. ತೊಳೆದು ಬಿಸಿಲಿಗಿಟ್ಟು ರಾಗಿ ತುಂಬಿದೆ. ಮಿಕ್ಸಿ, ಪ್ಯಾಕೆಟ್ ಹಿಟ್ಟು ಎಲ್ಲ ಇರುವಾಗ ಇದೇನು ಹೊಸ ಹುಚ್ಚು ಎಂದು ಮನೆಯವರು ಕೇಳಿದರು. ನಮ್ಮ ರಸ್ತೆಯ ತುದಿಯಲ್ಲಿರುವ ಮಿಲ್ಲಿಗೆ ಹೊತ್ತುಕೊಂಡು ಹೋದೆ. ಅಲ್ಲಿ ಡಬ್ಬಗಳ ಸಾಲೇನೋ ಇತ್ತು, ಆದರೆ ಡಬ್ಬದವರು ಯಾರೂ ಇರಲಿಲ್ಲ. ಈಗ ಕರೆಂಟು ಹೋಗುವುದು ಅಪರೂಪ. ಎಲ್ಲರೂ ಇಟ್ಟು ಹೋಗುತ್ತಾರೆ, ಆಮೇಲೆ ಬಂದು ಒಯ್ಯುತ್ತಾರೆ. ನಾನೊಬ್ಬಳೇ ಗೋಡೆಗೆ ಒರಗಿ ಕೂತೆ.

ಮಿಲ್ಲಿನವನು ನನ್ನ ಡಬ್ಬದ ಸರದಿ ಬಂದಾಗ ಎತ್ತಿ ನೋಡಿ, ಸುತ್ತ ಯಾರೂ ಇಲ್ಲದಿದ್ದರೂ ಅಭ್ಯಾಸದಂತೆ ಕೂಗಿದ.

"ಈಜಿಪ್ಟ್ ಯಾರ್ದು?"

"ನಮ್ದು," ಎಂದು ಎದ್ದುನಿಂತೆ. ಅವನು ತಲೆಯಾಡಿಸಿ ರಾಗಿ ಸುರಿದ. ಎಲ್ಲಾ ಚೆನ್ನಾಗಿದ್ದೀರಾ ಎಂದು ಅವನು ಕೇಳಲಿಲ್ಲ. ಕೇಳಬೇಕೆಂದು ಅವನಿಗೆ ಹೇಗೆ ಗೊತ್ತಾಗಬೇಕು, ಪಾಪ. ಬಿಸಿ ಹಿಟ್ಟಿನ ವಾಸನೆ ಎದ್ದಿತು. ಕೇಳಿದ್ದರೆ ಹೇಳಲು ನನ್ನ ಬಳಿ ಬೇಕಾದಷ್ಟಿತ್ತು.